ಕಪ್ಪು ಕೊಕ್ಕರೆಯ ಗೂಡಿನ ಮುಂದೆ

ಕೊಕ್ಕರೆಯೆಂದರೆ ಕರ್ನಾಟಕದಲ್ಲಿ ಊರಿನ ಹಕ್ಕಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ದನ ಕಟ್ಟಿರುತ್ತಾರೆ, ಮಕ್ಕಳು ಆಡಿಕೊಂಡಿರುತ್ತಾರೆ, ಮೇಲೆ ಮರಿಗಳ ಗದ್ದಲ ನಡೆದೇ ಇರುತ್ತದೆ. ಅದೇ ಕುಟುಂಬದ ಕಪ್ಪು ಕೊಕ್ಕರೆಯ ಸ್ವಭಾವ ಇದಕ್ಕೆ ತೀರ ವಿರುದ್ಧ. ಅದು ಹಳೆಯ ಕಾಡಿನ ಒಳಗೆ, ಮನುಷ್ಯರ ಸುಳಿವಿಲ್ಲದ ಕಡೆ, ಒಂಟಿ ಜೋಡಿಯಾಗಿ ಸಂಸಾರ ಹೂಡುತ್ತದೆ. ಕಾವು ಕೂತ ದಿನಗಳಲ್ಲಿ ಯಾರಾದರೂ ಮರದ ಬುಡಕ್ಕೆ ಬಂದರೆ ಮೊಟ್ಟೆಗಳನ್ನು ಬಿಟ್ಟು ಎದ್ದುಬಿಡುತ್ತದೆ; ಕೆಲವೊಮ್ಮೆ ಗೂಡನ್ನೇ ತೊರೆಯುತ್ತದೆ.

ಯುರೋಪಿನಿಂದ ಹಿಡಿದು ಸೈಬೀರಿಯ, ಚೀನಾದವರೆಗೆ ಈ ಹಕ್ಕಿಯ ಗೂಡುಗಳಿವೆ. ದಕ್ಷಿಣ ಆಫ್ರಿಕಾದ ಬಂಡೆಗಳಲ್ಲೂ ಒಂದು ಬಳಗ ನೆಲೆಸಿದೆ. ಏಷ್ಯಾದ ಕೆಲವು ಹಕ್ಕಿಗಳು ಚಳಿಗಾಲ ಕಳೆಯಲು ಭಾರತಕ್ಕೆ ಬರುತ್ತವೆ. ದಕ್ಷಿಣಕ್ಕೆ ಬಂದಷ್ಟೂ ಅವು ಅಪರೂಪ, ಗೂಡಂತೂ ಇಲ್ಲಿ ಕಟ್ಟುವುದಿಲ್ಲ. ಹೊಳೆಯಂಚಿನಲ್ಲಿ ನಿಂತ ಕಪ್ಪು ಕೊಕ್ಕರೆಯನ್ನು ಕಂಡ ಕನ್ನಡಿಗರೂ ಅದರ ಸಂಸಾರವನ್ನು ಕಂಡಿರಲಾರರು. ಅದನ್ನು ನೋಡಲು ಉತ್ತರ ಯುರೋಪಿನ ಪುಟ್ಟ ದೇಶ ಎಸ್ಟೋನಿಯಕ್ಕೆ ಹೋಗಬೇಕು, ಅದೂ ಕ್ಯಾಮೆರಾದ ಮೂಲಕ.

ಅಲ್ಲಿನ ಹದ್ದುಗಳ ಅಧ್ಯಯನ ಬಳಗ ‘ಕೋಟ್ಕಕ್ಲುಬಿ’ ಕಪ್ಪು ಕೊಕ್ಕರೆಯ ಗೂಡುಗಳ ಬಳಿ ಕ್ಯಾಮೆರಾ ಅಳವಡಿಸಿ, ಜಗತ್ತಿನ ಎಲ್ಲೆಡೆಯ ಜನ ಏಕಕಾಲಕ್ಕೆ ನೋಡುವಂತೆ ಮಾಡಿದೆ. ದಕ್ಷಿಣ ಎಸ್ಟೋನಿಯದ ಕಾರುಲ ರಾಷ್ಟ್ರೀಯ ಉದ್ಯಾನದ ಗೂಡು ಅವುಗಳಲ್ಲಿ ಹೆಸರಾದದ್ದು. ಅಲ್ಲಿಯ ಗಂಡಿಗೆ ‘ಎರಡನೆಯ ಕಾರ್ಲ್’, ಹೆಣ್ಣಿಗೆ ‘ಕಾಯಾ’ ಎಂದು ಹೆಸರಿಟ್ಟಿದ್ದರು. ಹಿಂದೆ ಒಬ್ಬ ಪಕ್ಷಿತಜ್ಞ ದೂರದ ಮರೆಯಲ್ಲಿ ಅಡಗಿ ಕೂತು ಕಾಣಬೇಕಾಗಿದ್ದ ನೋಟ ಈಗ ಸಾವಿರಾರು ಮನೆಗಳಿಗೆ ಬಂದಿದೆ. ಅದು ದೊಡ್ಡ ಲಾಭವೇ. ಆದರೆ ಕಣ್ಣಿಗೆ ಬಿದ್ದದ್ದು ಒಂದು, ನೋಡಿದವರು ಅರ್ಥಮಾಡಿಕೊಂಡದ್ದು ಇನ್ನೊಂದು ಆಗುವ ಅಪಾಯವೂ ಅಷ್ಟೇ ಹಿಗ್ಗಿದೆ. ಈ ಉಪನ್ಯಾಸದ ವಿಷಯ ಅದೇ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡೋಣ. ಏಪ್ರಿಲ್ ಹೊತ್ತಿಗೆ ಆಫ್ರಿಕಾದಿಂದ ಹಕ್ಕಿಗಳು ಹಿಂದಿರುಗುತ್ತವೆ. ಹಳೆಯ ಗೂಡು ಮಂಚದಷ್ಟು ಅಗಲ. ಓಕ್, ಪೈನ್ ಅಥವಾ ಆಸ್ಪೆನ್ ಮರದ ದಪ್ಪ ಕೊಂಬೆಯ ಮೇಲೆ ವರ್ಷವರ್ಷವೂ ಕಡ್ಡಿ ಸೇರಿ ಬೆಳೆದದ್ದು. ಒಳಗೆ ಹಾವಸೆಯ ಹಾಸು. ಎರಡು ದಿನಕ್ಕೊಂದರಂತೆ ಸಾಮಾನ್ಯವಾಗಿ ಮೂರರಿಂದ ಐದು ಮೊಟ್ಟೆ. ಗಂಡು ಹೆಣ್ಣು ಸರದಿಯ ಮೇಲೆ ಐದು ವಾರದಷ್ಟು ಕಾವು ಕೂರುತ್ತವೆ. ಪಾಳಿ ಬದಲಾಗುವ ಹೊತ್ತು ಗೂಡಿನ ಅತ್ಯಂತ ಸುಂದರ ಗಳಿಗೆ. ಬಂದ ಹಕ್ಕಿಯ ಕೊಕ್ಕಿನಲ್ಲಿ ಒಂದು ಹಿಡಿ ಒದ್ದೆ ಹಾವಸೆ. ಕೂತಿದ್ದು ಎದ್ದು ನಿಲ್ಲುತ್ತದೆ. ಎರಡೂ ಕುತ್ತಿಗೆಯನ್ನು ಕೆಳಗೆ ಬಾಗಿಸಿ, ಮೇಲೆತ್ತಿ, ಮತ್ತೆ ಬಾಗಿಸಿ, ಸಿಳ್ಳು ಬೆರೆತ ಏದುಸಿರಿನ ದನಿ ತೆಗೆಯುತ್ತವೆ. ಬಿಳಿ ಕೊಕ್ಕರೆಯಂತೆ ಕೊಕ್ಕು ಕಟಕಟಿಸುವುದು ಇದರಲ್ಲಿ ಕಡಿಮೆ. ಬಾಲದಡಿಯ ಬಿಳಿ ಪುಕ್ಕಗಳು ಎರಡೂ ಬದಿಗೆ ಅರಳಿಕೊಳ್ಳುತ್ತವೆ. ಆಮೇಲೆ ಪಾಳಿಗೆ ಬಂದ ಹಕ್ಕಿ ಬೆರಳುಗಳನ್ನು ಒಳಕ್ಕೆ ಮಡಚಿಕೊಂಡು ಮೊಟ್ಟೆಗಳ ನಡುವೆ ಕಾಲಿಡುತ್ತದೆ, ಕೆಂಪು ಕೊಕ್ಕಿನ ತುದಿಯಿಂದ ಒಂದೊಂದನ್ನೂ ಹೊರಳಿಸುತ್ತದೆ, ಎದೆ ಅತ್ತಿತ್ತ ಆಡಿಸಿ ಮೆಲ್ಲನೆ ಕೂರುತ್ತದೆ.

ನೋಡಿದವರ ಬಾಯಲ್ಲಿ ಮೊದಲು ಬರುವ ಮಾತು, ‘ಎಷ್ಟು ಪ್ರೀತಿ, ಎಷ್ಟು ಗೌರವ!’ ಎಂಬುದು. ಹಾಗನ್ನಿಸುವುದರಲ್ಲಿ ತಪ್ಪಿಲ್ಲ, ಅಲ್ಲಿಗೇ ನಿಂತರೆ ಮಾತ್ರ ತಪ್ಪು. ಆ ಬಾಗುವಿಕೆಗೆ ಗೂಡಿನಲ್ಲಿ ಒಂದು ಖಚಿತ ಕೆಲಸವಿದೆ. ಗೂಡಿಗಾಗಿ ಕೊಕ್ಕರೆಗಳು ಹೊಡೆದಾಡುತ್ತವೆ. ಪರಕೀಯ ಹಕ್ಕಿ ನುಗ್ಗಿದರೆ ಮೊಟ್ಟೆಗೂ ಕೇಡು, ಮರಿಗೂ ಕೇಡು. ಹರಿತವಾದ ಉದ್ದ ಕೊಕ್ಕಿನ ಎರಡು ಹಕ್ಕಿಗಳು ಒಂದು ಗಜ ದೂರದಲ್ಲಿ ಎದುರುಬದುರಾದಾಗ, ‘ನಾನು ಈ ಮನೆಯದು, ಹೊಡೆಯಬೇಡ’ ಎಂದು ತಿಳಿಸಲೇಬೇಕು. ಅಮೆರಿಕದ ಫಿಲಿಪ್ ಕಾಲ್ 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಬರಹಗಳಲ್ಲಿ ಜಗತ್ತಿನ ಕೊಕ್ಕರೆ ಜಾತಿಗಳ ಇಂಥ ಭಂಗಿಗಳನ್ನು ಒಂದಕ್ಕೊಂದು ಹೋಲಿಸಿ, ಅವುಗಳ ನೆಂಟಸ್ತಿಕೆಯನ್ನೇ ಆ ಭಂಗಿಗಳಿಂದ ಗುರುತಿಸಲು ಹೊರಟರು. ಜಾತಿಯಿಂದ ಜಾತಿಗೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಬಂದ ಆನುವಂಶಿಕ ಸೊತ್ತು ಅದು.

ಕಾಲ್ ಅವರದೇ ಇನ್ನೊಂದು ಸಂಶೋಧನೆ 1963ರದು. ಬಿಸಿಲೇರಿದಾಗ ಕೊಕ್ಕರೆಗಳ ಕಾಲಿನ ಮೇಲೆ ಸುಣ್ಣ ಬಳಿದಂತೆ ಬಿಳಿ ಮೆತ್ತಿಕೊಂಡಿರುತ್ತದೆ. ಮೇಲುನೋಟಕ್ಕೆ ಹೊಲಸು, ಕಾಯಿಲೆಯ ಲಕ್ಷಣ. ಅಮೆರಿಕದ ಕಾಡುಕೊಕ್ಕರೆಯನ್ನು ಪರೀಕ್ಷಿಸಿದ ಅವರು, ಹಕ್ಕಿ ತನ್ನ ತೆಳು ಹಿಕ್ಕೆಯನ್ನು ಬೇಕೆಂದೇ ಕಾಲಿನ ಮೇಲೆ ಹರಿಸುತ್ತದೆ, ಅದು ಆರುವಾಗ ಕಾಲಿನಲ್ಲಿ ಹರಿಯುವ ರಕ್ತ ತಂಪಾಗುತ್ತದೆ ಎಂದು ತೋರಿಸಿದರು. ಅದೇ ಬಿಸಿಲಿನಲ್ಲಿ ತಾಯಿಯೋ ತಂದೆಯೋ ರೆಕ್ಕೆ ಅರೆಬಿಚ್ಚಿ ಮರಿಗಳಿಗೆ ನೆರಳಾಗಿ ನಿಲ್ಲುತ್ತದೆ, ಗಂಟಲಿನಲ್ಲಿ ತಂದ ನೀರನ್ನು ಅವುಗಳ ಮೇಲೆ, ಬಾಯಿಗೆ ಸುರಿಯುತ್ತದೆ.

ಇನ್ನೊಂದು ಬಗೆಯ ತಪ್ಪು ಓದಿಗೆ ಉದಾಹರಣೆ ಬಿಳಿ ಕೊಕ್ಕರೆಯ ಮರಿಗಳು. ಕಾಲಿಗೆ ಉಂಗುರ ತೊಡಿಸಲು ಜನ ಗೂಡಿಗೆ ಹತ್ತಿದಾಗ ಅವು ಕದಲದೆ ಚಪ್ಪಟೆಯಾಗಿ ಮಲಗಿಬಿಡುತ್ತವೆ. ‘ಎಷ್ಟು ಸಾಧು, ಹೆದರಿಕೆಯೇ ಇಲ್ಲ’ ಎನ್ನಿಸುತ್ತದೆ. ವಾಸ್ತವದಲ್ಲಿ ಅದು ಸತ್ತಂತೆ ನಟಿಸುವ ಪ್ರತಿಕ್ರಿಯೆ. ನಿಶ್ಚಲವಾಗಿ ಬಿದ್ದಿರುವ ಮರಿಯನ್ನು ಕೆಲಸ ಮುಗಿಸಿ ಬೇಗ ಬಿಟ್ಟು ಇಳಿಯುವುದೇ ಅದಕ್ಕೆ ಮಾಡುವ ಉಪಕಾರ.

ಇಂಥ ಓದಿಗೆ ಶಿಸ್ತು ಬೇಕೆಂದು ಬ್ರಿಟನ್ನಿನ ಲಾಯ್ಡ್ ಮಾರ್ಗನ್ 1894ರಲ್ಲೇ ಒಂದು ಸೂತ್ರ ಕೊಟ್ಟರು. ಪ್ರಾಣಿಯ ನಡತೆಯನ್ನು ಸರಳವಾದ ಮಾನಸಿಕ ಶಕ್ತಿಯಿಂದ ವಿವರಿಸಲು ಸಾಧ್ಯವಿದ್ದಾಗ ಅದಕ್ಕಿಂತ ಮೇಲಿನದನ್ನು ಆರೋಪಿಸಬೇಡಿ ಎಂದು. 1973ರ ನೊಬೆಲ್ ಪ್ರಶಸ್ತಿಯನ್ನು ಕಾನ್ರಾಡ್ ಲೊರೆಂಜ್, ಕಾರ್ಲ್ ಫಾನ್ ಫ್ರಿಶ್ ಅವರೊಂದಿಗೆ ಹಂಚಿಕೊಂಡ ನೀಕೊ ಟಿನ್‌ಬರ್ಗನ್ 1963ರಲ್ಲಿ ಇನ್ನೂ ಮುಂದೆ ಹೋದರು. ಒಂದೇ ನಡತೆಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕು: ಈಗ ಅದನ್ನು ಹೊರಡಿಸಿದ್ದು ಯಾವುದು, ಆ ಹಕ್ಕಿಯ ಬದುಕಿನಲ್ಲಿ ಅದು ಹೇಗೆ ಬೆಳೆಯಿತು, ಅದರಿಂದ ಉಳಿವಿಗೆ ಏನು ಲಾಭ, ಪೀಳಿಗೆಗಳ ಉದ್ದಕ್ಕೂ ಅದು ಎಲ್ಲಿಂದ ಬಂತು. ಮಾರ್ಗನ್ನರ ಸೂತ್ರ ನೋಡುಗನ ಕೈ ಹಿಡಿದು ನಿಲ್ಲಿಸುತ್ತದೆ. ಟಿನ್‌ಬರ್ಗನ್ನರ ಪ್ರಶ್ನೆಗಳು ಕೈ ಹಿಡಿದು ನಡೆಸುತ್ತವೆ. ಎರಡರಲ್ಲಿ ಗೂಡಿನ ಮುಂದೆ ಹೆಚ್ಚು ಉಪಯೋಗಕ್ಕೆ ಬರುವುದು ಎರಡನೆಯದು.

ಅದರ ಅಗತ್ಯ ಗೊತ್ತಾಗುವುದು ಗೂಡಿನ ಅತ್ಯಂತ ಕಠಿಣ ದೃಶ್ಯದ ಎದುರು. ಮೊಟ್ಟೆಗಳು ಒಡೆದು ಕೆಲವು ದಿನಗಳಾಗಿರುತ್ತವೆ. ಬೂದುಬಿಳಿಯ ಎಳೆ ತುಪ್ಪಳ, ಹಳದಿ ಕೊಕ್ಕು. ಮೊದಲು ಹುಟ್ಟಿದ್ದು ದೊಡ್ಡದು, ಕೊನೆಯದು ಅದರ ಅರ್ಧದಷ್ಟೂ ಇಲ್ಲ. ತಾಯಿಯೋ ತಂದೆಯೋ ಬಂದು, ತಲೆ ತಗ್ಗಿಸಿ, ಕೊನೆಯ ಮರಿಯನ್ನು ಕೊಕ್ಕಿನಲ್ಲಿ ಎತ್ತುತ್ತದೆ. ಝಾಡಿಸುತ್ತದೆ. ಗೂಡಿನಾಚೆ ಬಿಸಾಡುತ್ತದೆ, ಇಲ್ಲವೇ ನುಂಗುತ್ತದೆ. ಮೂರು ನಿಮಿಷದ ಬಳಿಕ ಉಳಿದ ಮರಿಗಳಿಗೆ ಮೀನು ಕಕ್ಕುತ್ತದೆ.

ನೇರ ಪ್ರಸಾರದಲ್ಲಿ ಇದನ್ನು ಕಂಡವರು ಅಳುತ್ತಾರೆ, ತಾಯಿಗೆ ಶಾಪ ಹಾಕುತ್ತಾರೆ, ಯಾರಾದರೂ ಹತ್ತಿ ಮರಿಯನ್ನು ತೆಗೆದುಕೊಳ್ಳಬಾರದೇ ಎಂದು ಬೇಡುತ್ತಾರೆ. ಆ ಸಂಕಟವನ್ನು ಹಗುರ ಮಾಡಬಾರದು. ಜೀವದ ಬಗ್ಗೆ ಮಮತೆ ಇರುವವರಿಗೇ ಅದು ಹುಟ್ಟುವುದು. ಆದರೆ ‘ಕೆಟ್ಟ ತಾಯಿ’ ಎಂಬ ತೀರ್ಪು ಏನನ್ನೂ ವಿವರಿಸುವುದಿಲ್ಲ.

ವಿವರಣೆಯ ಎಳೆ ಹಿಡಿದವರು ಸ್ಪೇನಿನ ಟೋರ್ಟೋಸಾ ಮತ್ತು ರೆಡೊಂಡೊ. ಬಿಳಿ ಕೊಕ್ಕರೆಗಳಲ್ಲಿ ತಂದೆತಾಯಿಯೇ ಮರಿಯನ್ನು ಕೊಲ್ಲುವುದರ ಬಗ್ಗೆ ಅವರ ಬರಹ 1992ರಲ್ಲಿ ಬಂತು. ಪೋಲೆಂಡಿನ ಪಿಯೊತ್ರ್ ಝಿಯೆಲಿನ್ಸ್ಕಿ 2002ರಲ್ಲಿ ಬಿಳಿ, ಕಪ್ಪು ಎರಡೂ ಕೊಕ್ಕರೆಗಳನ್ನು ಜೊತೆಯಿಟ್ಟು ಚರ್ಚಿಸಿದರು. ಹದ್ದುಗಳ ಗೂಡಿನಲ್ಲಿ ಆಹಾರ ಸಾಲದಿದ್ದರೆ ಅಣ್ಣನೇ ತಮ್ಮನನ್ನು ಕುಕ್ಕಿ ಮುಗಿಸುತ್ತಾನೆ. ತಾಯಿ ತುಣುಕು ತುಣುಕಾಗಿ ಬಾಯಿಗೆ ಕೊಡುವುದರಿಂದ ಮುಂದೆ ನಿಲ್ಲುವುದಕ್ಕೇ ಬೆಲೆ. ಕೊಕ್ಕರೆಯ ಗೂಡಿನಲ್ಲಿ ಹಾಗಲ್ಲ. ಮೀನು, ಕಪ್ಪೆಗಳ ರಾಶಿ ಗೂಡಿನ ತಳಕ್ಕೆ ಬೀಳುತ್ತದೆ, ಎಲ್ಲ ಮರಿಗಳೂ ಒಟ್ಟಿಗೆ ಮುಗಿಬಿದ್ದು ಹೆಕ್ಕುತ್ತವೆ. ಒಂದನ್ನು ಕುಕ್ಕುತ್ತಾ ಕೂತರೆ ಇನ್ನೊಂದು ತಿಂದು ಮುಗಿಸಿರುತ್ತದೆ. ಹಾಗಾಗಿ ಒಡಹುಟ್ಟಿದವುಗಳ ನಡುವೆ ಕೊಲೆ ಇಲ್ಲ. ಸಂಖ್ಯೆ ಇಳಿಸುವ ಕೆಲಸ ತಂದೆತಾಯಿಯ ಪಾಲಿಗೆ ಬಂದಿದೆ.

ಹೆಚ್ಚು ಮೊಟ್ಟೆ ಇಡುವುದೇಕೆ ಹಾಗಾದರೆ? ಬ್ರಿಟನ್ನಿನ ಡೇವಿಡ್ ಲ್ಯಾಕ್ 20ನೆಯ ಶತಮಾನದ ಮಧ್ಯದಲ್ಲೇ ಇದಕ್ಕೊಂದು ಉತ್ತರ ಸೂಚಿಸಿದ್ದರು. ಏಪ್ರಿಲ್ಲಿನಲ್ಲಿ ಮೊಟ್ಟೆ ಇಡುವಾಗ ಜೂನಿನ ಹಳ್ಳದಲ್ಲಿ ಎಷ್ಟು ಮೀನಿರುತ್ತದೆ ಎಂದು ಹಕ್ಕಿಗೆ ಗೊತ್ತಾಗುವ ಬಗೆಯಿಲ್ಲ. ಸಮೃದ್ಧ ವರ್ಷಕ್ಕೆ ಸಾಕಾಗುವಷ್ಟು ಮೊಟ್ಟೆ ಇಟ್ಟು, ಬೇರೆ ಬೇರೆ ದಿನ ಒಡೆಯುವಂತೆ ಮೊದಲ ಮೊಟ್ಟೆಗಳಿಂದಲೇ ಕಾವು ಶುರುಮಾಡಿದರೆ, ಬರಗಾಲದಲ್ಲಿ ಚಿಕ್ಕದು ಹೋದರೂ ದೊಡ್ಡವು ಉಳಿಯುತ್ತವೆ. ಇದು ತಾಯಿ ಕೂತು ಹಾಕಿದ ಲೆಕ್ಕವಲ್ಲ. ಲೆಕ್ಕ ಹಾಕಿದ್ದು ಅಸಂಖ್ಯ ಪೀಳಿಗೆಗಳ ಸಾವು-ಬದುಕು.

ಇಲ್ಲಿ ಗಮನಿಸಬೇಕಾದ ಸಂಗತಿಯಿದೆ. ಗೂಡಿನಲ್ಲಿ ನಡೆದದ್ದರ ಕಾರಣ ಗೂಡಿನಲ್ಲಿಲ್ಲ, ಅದು ಹಳ್ಳದಲ್ಲಿದೆ. ಕ್ಯಾಮೆರಾ ಚೌಕಟ್ಟಿನೊಳಗೆ ಕಾಣದ ನೀರಿನಲ್ಲಿ. ನೋಡುಗರ ಗಮನ ಹಕ್ಕಿಯ ಮುಖದ ಮೇಲೆ ನೆಟ್ಟಿರುತ್ತದೆ. ಅದಕ್ಕಿಂತ ಬೆಲೆಯುಳ್ಳದ್ದು ಹಕ್ಕಿ ಇಲ್ಲದ ಹೊತ್ತು. ಎಷ್ಟು ಗಂಟೆಗೆ ಹೋಯಿತು, ಎಷ್ಟು ಗಂಟೆಗೆ ಬಂತು, ಕಕ್ಕಿದ್ದು ಕಪ್ಪೆಯೋ ಮೀನೋ, ದೊಡ್ಡದೋ ಕಿರಿದೋ ಎಂದು ಬರೆದಿಡುವ ತಾಳ್ಮೆಯ ವೀಕ್ಷಕರ ಟಿಪ್ಪಣಿಗಳು ಪಕ್ಷಿತಜ್ಞರಿಗೆ ಚಿನ್ನ. ತಿಂಡಿ ತರುವ ಅಂತರ ದಿನದಿಂದ ದಿನಕ್ಕೆ ಹಿಗ್ಗುತ್ತಿದ್ದರೆ, ಹಳ್ಳ ಬತ್ತುತ್ತಿದೆಯೋ ಸಂಗಾತಿ ಕಾಣೆಯಾಗಿದೆಯೋ ಎಂದು ಹುಡುಕಲು ಅದೇ ಸುಳಿವು. ಸಂಗಾತಿ ಬಾರದಿದ್ದಾಗ ‘ಬಿಟ್ಟುಹೋದ’ ಎನ್ನುವುದು ಮನುಷ್ಯರ ಸಂಸಾರದ ಮಾತು. ವಿದ್ಯುತ್ ತಂತಿ, ಬಿಳಿಬಾಲದ ಹದ್ದು, ಬೇಟೆಗಾರನ ಕೋವಿ ಇವುಗಳಲ್ಲಿ ಯಾವುದೂ ಇರಬಹುದು. ಜೋಡಿಯ ನಿಷ್ಠೆಯ ಬಗ್ಗೆಯೂ ಇದೇ ಎಚ್ಚರ ಬೇಕು. ಬಿಳಿ ಕೊಕ್ಕರೆಗಳಲ್ಲಿ ಕಂಡುಬಂದಿರುವಂತೆ, ವರ್ಷವರ್ಷವೂ ಹಕ್ಕಿಯನ್ನು ಮರಳಿ ಕರೆತರುವುದು ಸಂಗಾತಿಗಿಂತ ಹೆಚ್ಚಾಗಿ ಗೂಡು.

ಗೂಡಿನ ಬದುಕನ್ನು ನಡೆಸುವುದು ನೀರು ಎಂಬುದನ್ನು ದಕ್ಷಿಣ ಆಫ್ರಿಕಾದ ಹಕ್ಕಿಗಳು ಬೇರೊಂದು ಬಗೆಯಲ್ಲಿ ಹೇಳುತ್ತವೆ. ಅಲ್ಲಿ ಅವು ಮೊಟ್ಟೆ ಇಡುವುದು ಒಣ ಚಳಿಗಾಲದಲ್ಲಿ. ಹೊಳೆಗಳು ಕುಗ್ಗಿ ಮಡುಗಳಾಗಿ, ಮೀನುಗಳು ಒಂದೆಡೆ ಸೇರಿಕೊಂಡು ಹಿಡಿಯಲು ಸುಲಭವಾಗುವ ಕಾಲ ಅದು. ಉತ್ತರದಲ್ಲಿ ವಸಂತ, ದಕ್ಷಿಣದಲ್ಲಿ ಒಣ ಋತು. ಪಂಚಾಂಗ ಬೇರೆಯಾದರೂ ಎರಡೂ ಕಡೆ ಮುಹೂರ್ತ ಇಡುವುದು ನೀರು.

ಎಸ್ಟೋನಿಯದ ಸಂಕಟವೂ ಅಲ್ಲೇ ಇದೆ. 1980ರ ದಶಕದಲ್ಲಿ ಆ ದೇಶದಲ್ಲಿ ಸುಮಾರು 250 ಜೋಡಿಗಳಿದ್ದವೆಂದು ಅಂದಾಜು. ಈಗ ನೂರಕ್ಕೂ ಕಡಿಮೆ. ಆಸ್ಕೊ ಲೊಹ್ಮುಸ್ ಮತ್ತು ಉರ್ಮಾಸ್ ಸೆಲ್ಲಿಸ್ 2003ರಲ್ಲಿ ಗೂಡಿನ ಮರಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ಅಷ್ಟು ಭಾರದ ಗೂಡನ್ನು ಹೊರಲು ದಪ್ಪ ಕೊಂಬೆಯ ಹಳೆಯ ಮರವೇ ಬೇಕು. ಮರಗೆಲಸಕ್ಕೆಂದು ಬೆಳೆಸಿದ ಎಳೆಯ ಕಾಡು ಅದನ್ನು ಕೊಡಲಾರದು. ಕಾನೂನು ಗೂಡಿನ ಸುತ್ತ 250 ಮೀಟರ್ ತ್ರಿಜ್ಯದ ಪ್ರದೇಶವನ್ನು ಕಾಯುತ್ತದೆ. ಒಳ್ಳೆಯದೇ, ಆದರೆ ಸಾಲದು. ಹಕ್ಕಿ ಮೇಯಲು ಹೋಗುವುದು ಹತ್ತಿಪ್ಪತ್ತು ಕಿಲೋಮೀಟರ್ ಆಚೆಗಿನ ಕಾಡುತೊರೆಗಳಿಗೆ. ಕಾಡಿನ ನೀರನ್ನು ಬಸಿಯಲು ನೇರ ಕಾಲುವೆ ತೋಡಿದ ಕಡೆ ತೊರೆಯ ತಿರುವು, ಮಡು, ಕಲ್ಲುಹಾಸು ಎಲ್ಲ ಹೋಗುತ್ತವೆ. ಮೀನು, ಕಪ್ಪೆ ಅದರ ಹಿಂದೆಯೇ ಹೋಗುತ್ತವೆ. ಗೂಡಿನ ಮರ ಭದ್ರವಾಗಿ ನಿಂತಿದ್ದರೂ ಮರಿಗಳಲ್ಲಿ ಕೆಲವು ಹಾರುವುದಿಲ್ಲ.

ಹಕ್ಕಿಯ ಬೆನ್ನಿಗೆ ಕಟ್ಟುವ ಜಿಪಿಎಸ್ ಯಂತ್ರ ಗೂಡಿಗೂ ತೊರೆಗೂ ಇರುವ ಈ ಕೊಂಡಿಯನ್ನು ಕಣ್ಣಿಗೆ ಕಾಣುವಂತೆ ಮಾಡಿದೆ. ಇಂಥ ಕೆಲಸಕ್ಕೆ ದಾರಿ ಹಾಕಿದ್ದು ಝೆಕ್ ರೇಡಿಯೊ 1995ರಲ್ಲಿ ಆರಂಭಿಸಿದ ‘ಆಫ್ರಿಕಾ ಒಡಿಸ್ಸಿ’. ಮಿರೊಸ್ಲಾವ್ ಬೊಬೆಕ್ ಮತ್ತು ಸಂಗಡಿಗರು ಉಪಗ್ರಹದ ಮೂಲಕ ಕಪ್ಪು ಕೊಕ್ಕರೆಗಳ ವಲಸೆಯನ್ನು ಹಿಂಬಾಲಿಸಿ, ಒಂದೇ ದೇಶದ ಹಕ್ಕಿಗಳು ಕೆಲವು ಪಶ್ಚಿಮದ ದಾರಿಯಲ್ಲಿ, ಕೆಲವು ಪೂರ್ವದ ದಾರಿಯಲ್ಲಿ ಆಫ್ರಿಕಾಕ್ಕೆ ಹೋಗುವುದನ್ನು ಕೇಳುಗರಿಗೆ ದಿನದಿನದ ಸುದ್ದಿಯಂತೆ ತಲುಪಿಸಿದರು. ಈಗ ಅದೇ ತಂತ್ರ ಇನ್ನಷ್ಟು ಸೂಕ್ಷ್ಮವಾಗಿ, ಗೂಡಿನಿಂದ ಹೊರಟ ತಂದೆ ಯಾವ ತೊರೆಯ ಯಾವ ತಿರುವಿನಲ್ಲಿ ಇಳಿಯಿತು ಎಂಬುದನ್ನು ಹೇಳಬಲ್ಲದು. ಆ ಚುಕ್ಕಿಗಳ ಪಕ್ಕದಲ್ಲಿ ಗೂಡಿನ ಟಿಪ್ಪಣಿಯನ್ನಿಟ್ಟರೆ ಯಾವ ತೊರೆ ಎಷ್ಟು ಮರಿಗಳನ್ನು ಸಾಕುತ್ತಿದೆ ಎಂದು ತಿಳಿಯುತ್ತದೆ. ಹೂಳೆತ್ತುವ ಯಂತ್ರ ಇಳಿಯುವ ಮುನ್ನ ಅರಣ್ಯ ಇಲಾಖೆಯ ಮೇಜಿನ ಮೇಲೆ ಇರಬೇಕಾದ ನಕ್ಷೆ ಅದು.