ಪ್ರೀತಿಯ ಕೆಲಸಕ್ಕೂ ಪೂರ್ತಿ ಕೂಲಿ

(ಮಾಸಿಕ ಅನುಭಾವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಯಲ್ಲಿ ಕಾಯಕದ ಬಗ್ಗೆ ಮಾತನಾಡಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದರು. ಕಾಯಕ ತತ್ವವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಕುಳಿತಿದ್ದೀರಿ. ನಾನು ವಚನ ಪಂಡಿತನಲ್ಲ. ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಕಾಲುವೆ, ತೂಬು, ಸೇತುವೆ ನೋಡಿಕೊಂಡ ಇಂಜಿನಿಯರ್. ಆದ್ದರಿಂದ ತತ್ವ ಹೇಳುವ ಬದಲು ಒಂದು ಕೆಲಸದ ಜಾಗವನ್ನು ನಿಮ್ಮ ಮುಂದೆ ಇಡುತ್ತೇನೆ. ಅದು ಕುದುರೆ ಸವಾರಿಯ ಸಾಮಾನು ಮಾರುವ ಅಂಗಡಿ, ಅಮೆರಿಕದ ಕೆಂಟಕಿ ರಾಜ್ಯದಲ್ಲಿರುವುದು. ಅಷ್ಟು ದೂರದ ಅಂಗಡಿಯ ಸುದ್ದಿ ನಮಗೇಕೆ ಎನ್ನಿಸಬಹುದು. ಅಲ್ಲಿ ದುಡಿದವರ ಮಾತು ಪೂರ್ತಿ ಕೇಳಿ. ಆಮೇಲೆ ನೀವೇ ನಿರ್ಣಯಿಸಿ.

ನನ್ನ ಮಗಳು, ಅಳಿಯ ಇರುವುದು ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ. ಪಕ್ಕದ ಜಾರ್ಜ್‌ಟೌನ್‌ನಲ್ಲಿ ಟೊಯೋಟಾ ಕಾರಿನ ದೊಡ್ಡ ಕಾರ್ಖಾನೆಯಿದೆ. ಅಳಿಯನಿಗೆ ಅಲ್ಲಿ ಕೆಲಸ. 2023ರಲ್ಲಿ ನಾನು, ನಮ್ಮ ಮನೆಯವರು ಐದು ತಿಂಗಳು ಅಲ್ಲಿದ್ದೆವು. ಆ ಊರು ತನ್ನನ್ನು ಜಗತ್ತಿನ ಕುದುರೆ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಸುಣ್ಣಕಲ್ಲಿನ ನೆಲ, ಆ ನೆಲದ ನೀರು, ಹುಲ್ಲಿನಿಂದ ಕುದುರೆಯ ಮೂಳೆ ಗಟ್ಟಿಯಾಗುತ್ತದೆ ಎಂದು ಅಲ್ಲಿಯವರ ನಂಬಿಕೆ. 1875ರಿಂದ ನಡೆದು ಬಂದ ಕೆಂಟಕಿ ಡರ್ಬಿ ಎಂಬ ಪ್ರಸಿದ್ಧ ಓಟ ಅದೇ ರಾಜ್ಯದ ಲೂಯಿವಿಲ್ ನಗರದ್ದು. ಊರಿನ ಹೊರಗೆ ಮೈಲಿಗಟ್ಟಲೆ ಬೇಲಿ, ಬೇಲಿಯ ಒಳಗೆ ಲಾಯ. ಅಂಥ ಊರಿನಲ್ಲಿ ಜೀನು, ಲಗಾಮು, ರಿಕಾಪು, ಸವಾರಿಯ ಬೂಟು, ಕುದುರೆಗೆ ಹೊದಿಸುವ ಚಳಿಗಾಲದ ಕಂಬಳಿ, ಮೈ ತಿಕ್ಕುವ ಬ್ರಷ್ಷು ಇವನ್ನೆಲ್ಲ ಮಾರುವ ಅಂಗಡಿಗಳು ಇರುವುದು ಸಹಜ.

ಪಕ್ಕದ ಮನೆಯ ಹೆಣ್ಣುಮಗಳು ಅಂಥದೊಂದು ಅಂಗಡಿಯಲ್ಲಿ ಹನ್ನೊಂದು ವರ್ಷ ದುಡಿದು ಬಿಟ್ಟವರು. ವಯಸ್ಸು ಐವತ್ತೆಂಟು. ಸಂಜೆಯ ನಡಿಗೆಯಲ್ಲಿ ಪರಿಚಯವಾಯಿತು. ಅವರ ಮೂಲಕ ಅದೇ ಅಂಗಡಿಯಲ್ಲಿ ಇನ್ನೂ ಕೆಲಸ ಮಾಡುತ್ತಿದ್ದ ಒಬ್ಬ ಕಾಲೇಜು ಹುಡುಗ, ಕೆಲಸ ಬಿಟ್ಟ ಒಬ್ಬ ಮ್ಯಾನೇಜರ್ ಸಿಕ್ಕರು. ಅಂಗಡಿಯ ಹೆಸರು ಇಲ್ಲಿ ಬೇಡ. ಯಾರ ಮೇಲೂ ದೂರು ಹೊರಿಸಲು ನಾನು ಬಂದಿಲ್ಲ.

ಮೊದಲು ಆ ತಾಯಿ ಹೇಳಿದ್ದು. ಜೀನು ಮಾರುವುದು ಚಪ್ಪಲಿ ಮಾರಿದಂತೆ ಅಲ್ಲವಂತೆ. ಸವಾರನ ಭಾರ ಕುದುರೆಯ ಬೆನ್ನುಮೂಳೆಯ ಮೇಲೆ ಬೀಳಬಾರದು. ಮೂಳೆಯ ಎರಡೂ ಪಕ್ಕದ ಸ್ನಾಯುಗಳ ಮೇಲೆ ಸಮನಾಗಿ ಹರಡಬೇಕು. ಅದಕ್ಕಾಗಿಯೇ ಜೀನಿನ ಒಳಗೆ ಒಂದು ಚೌಕಟ್ಟು, ಕೆಳಗೆ ಉಣ್ಣೆ ತುಂಬಿದ ಎರಡು ಮೆತ್ತೆ, ನಡುವೆ ಗಾಳಿಯಾಡುವ ಕಾಲುವೆ. ಇಂಜಿನಿಯರನಿಗೆ ಇದು ಥಟ್ಟನೆ ತಿಳಿಯುತ್ತದೆ. ತೊಲೆಯ ಭಾರ ಗೋಡೆಯ ಒಂದೇ ಇಟ್ಟಿಗೆಯ ಮೇಲೆ ಕೂಡದಂತೆ ನಾವು ಕೆಳಗೆ ಕಾಂಕ್ರೀಟಿನ ದಿಂಬು ಕೊಡುತ್ತೇವಲ್ಲ, ಅದೇ ಲೆಕ್ಕ. ಚೌಕಟ್ಟು ಇಕ್ಕಟ್ಟಾದರೆ ಹೆಗಲ ಹತ್ತಿರ ಒತ್ತುತ್ತದೆ. ಕುದುರೆ ಬಾಯಿಬಿಟ್ಟು ಹೇಳುವುದಿಲ್ಲ. ಒತ್ತಿದ ಜಾಗದಲ್ಲಿ ಕೆಲವು ತಿಂಗಳ ಮೇಲೆ ಬಿಳಿ ಕೂದಲು ಹುಟ್ಟುತ್ತದೆ. ಆಗ ಕಾಣುತ್ತದೆ, ಆ ಹೊತ್ತಿಗೆ ಚರ್ಮದ ಒಳಗೆ ಪೆಟ್ಟಾಗಿಹೋಗಿರುತ್ತದೆ.

ಆ ತಾಯಿ ಕುದುರೆಯ ಬೆನ್ನಿನ ಅಳತೆ ನೋಡಿ, ‘ಇದು ನಿಮ್ಮ ಕುದುರೆಗೆ ಹೊಂದುವುದಿಲ್ಲ, ಬೇಡ’ ಎಂದು ಎಷ್ಟೋ ಗಿರಾಕಿಗಳನ್ನು ವಾಪಸ್ಸು ಕಳಿಸಿದ್ದಾರೆ. ಮಗುವಿಗೆ ಟೋಪಿ ಕೊಳ್ಳಲು ಬಂದ ತಂದೆ ತಾಯಿ, ‘ಬೆಳೆಯುವ ಹುಡುಗಿ, ಒಂದು ಸೈಜು ದೊಡ್ಡದು ಕೊಡಿ’ ಎಂದರೆ ಒಪ್ಪುತ್ತಿರಲಿಲ್ಲ. ಸಡಿಲವಾದ ಹೆಲ್ಮೆಟ್ಟು ಬಿದ್ದಾಗ ತಲೆ ಕಾಯುವುದಿಲ್ಲ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಹಾಕಬಾರದು ಎಂದು ಗಿರಾಕಿಗೆ ಹೇಳುವುದೂ ಅವರ ಕೆಲಸವಾಗಿತ್ತು. ನಾನು ಕೇಳಿದೆ: ‘ಈ ತಿಳಿವಳಿಕೆಗೆ ಸಂಬಳದಲ್ಲಿ ಏನಾದರೂ ಬೆಲೆ ಇತ್ತೇ?’ ಅವರು ನಕ್ಕರು. ಒಂದು ಗಂಟೆಗೆ ಎಷ್ಟು ಡಾಲರಿನ ವ್ಯಾಪಾರವಾಯಿತು ಎಂದು ಕಂಪ್ಯೂಟರು ಲೆಕ್ಕ ಹಿಡಿಯುತ್ತಿತ್ತು. ಬೇಡವೆಂದು ಹೇಳಿ ಕುದುರೆಯ ಬೆನ್ನು ಉಳಿಸಿದ್ದು ಆ ಲೆಕ್ಕದಲ್ಲಿ ಸೊನ್ನೆ.

ಎರಡನೆಯದು ಆ ಹುಡುಗನ ಮಾತು. ಅವನಿಗೆ ವಾರಕ್ಕೆ ಇಪ್ಪತ್ತೆಂಟು ಗಂಟೆಗಿಂತ ಹೆಚ್ಚು ಕೆಲಸ ಕೊಡುತ್ತಿರಲಿಲ್ಲ. ಕಾರಣ ಹೀಗಿದೆ. ಪೂರ್ಣಕಾಲದ ಐವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆ, ವಾರಕ್ಕೆ ಮೂವತ್ತು ಗಂಟೆ ದುಡಿಯುವವರಿಗೆ ಆರೋಗ್ಯ ವಿಮೆ ಒದಗಿಸಬೇಕು, ಇಲ್ಲದಿದ್ದರೆ ದಂಡ ತೆರಬೇಕು ಎಂದು 2010ರ ಅಲ್ಲಿಯ ಕಾನೂನು ಹೇಳುತ್ತದೆ. ಇಪ್ಪತ್ತೆಂಟಕ್ಕೆ ನಿಲ್ಲಿಸಿದರೆ ಆ ಖರ್ಚಿಲ್ಲ. ಮುಂದಿನ ವಾರ ಯಾವ ದಿನ, ಯಾವ ಹೊತ್ತು ಕೆಲಸ ಎಂಬ ಪಟ್ಟಿ ಎರಡು ಮೂರು ದಿನ ಮೊದಲು ಬರುತ್ತಿತ್ತು. ಗಿರಾಕಿ ಕಡಿಮೆಯಾದರೆ ಮಧ್ಯಾಹ್ನವೇ ಮನೆಗೆ ಕಳಿಸುವರು, ಕಳಿಸಿದ ಮೇಲಿನ ಗಂಟೆಗೆ ಕೂಲಿ ಇಲ್ಲ. ಓರೆಗಾನ್ ರಾಜ್ಯ ಇದಕ್ಕೆಂದೇ ಕಾನೂನು ಮಾಡಿ, ದೊಡ್ಡ ಅಂಗಡಿಗಳು ಕೆಲಸದ ಪಟ್ಟಿಯನ್ನು ಮೊದಲೇ ಕೊಡಬೇಕೆಂದು ಕಡ್ಡಾಯ ಮಾಡಿದೆ. ಈಗ ಅಲ್ಲಿ ಹದಿನಾಲ್ಕು ದಿನದ ಮುನ್ಸೂಚನೆ ಬೇಕು. ಕೆಂಟಕಿಯಲ್ಲಿ ಅಂಥ ಕಾನೂನಿಲ್ಲ. ದೇಶದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರು, 2009ರಲ್ಲಿ ನಿಗದಿಯಾದದ್ದು. ನಾನು ಹೋದಾಗ ಹದಿನಾಲ್ಕು ವರ್ಷವಾಗಿತ್ತು, ಕದಲಿರಲಿಲ್ಲ. ಕೆಂಟಕಿಯ ಕನಿಷ್ಠ ಕೂಲಿಯೂ ಅಷ್ಟೇ. ಅಂಗಡಿ ಅದಕ್ಕಿಂತ ಹೆಚ್ಚೇ ಕೊಡುತ್ತಿತ್ತು ಎಂದು ಹುಡುಗ ಹೇಳಿದ. ಆದರೆ ವಾರಕ್ಕೆ ಎಷ್ಟು ಗಂಟೆ ಎಂಬುದೇ ಗೊತ್ತಿಲ್ಲದವನು ಬಾಡಿಗೆಯ ಲೆಕ್ಕ ಹಾಕುವುದು ಹೇಗೆ?

ಒಳ್ಳೆಯದನ್ನೂ ಹೇಳಬೇಕು. ಕೆಂಟಕಿಯ ಕಾನೂನಿನಂತೆ ನಾಲ್ಕು ಗಂಟೆ ದುಡಿದರೆ ಹತ್ತು ನಿಮಿಷ ಕೂಲಿಸಹಿತ ವಿರಾಮ ಕೊಡಬೇಕು. ಆ ಅಂಗಡಿ ಅದನ್ನು ತಪ್ಪಿಸುತ್ತಿರಲಿಲ್ಲ. ಜೊತೆಗೆ ದುಡಿಯುವವರಲ್ಲಿ ಸ್ನೇಹವಿತ್ತು. ಆ ತಾಯಿಯ ಸ್ವಂತ ಕುದುರೆ ಹೊಟ್ಟೆಶೂಲೆಯಿಂದ ಒಂದೇ ರಾತ್ರಿಯಲ್ಲಿ ಸತ್ತಾಗ ಮ್ಯಾನೇಜರ್ ಎರಡು ದಿನ ರಜೆ ಕೊಟ್ಟರು. ಸಾವಿನ ರಜೆ ಮನುಷ್ಯ ಸಂಬಂಧಿಗಳಿಗೆ ಮಾತ್ರ ಎಂದು ನಿಯಮದಲ್ಲಿತ್ತು. ‘ಇದು ಯಾರಿಗೂ ಅರ್ಥವಾಗದಿದ್ದರೂ ಈ ಅಂಗಡಿಗೆ ಅರ್ಥವಾಗಬೇಕು’ ಎಂದರಂತೆ ಆ ಮನುಷ್ಯ. ಮುಂದಿನ ತಿಂಗಳು ಅದೇ ಮ್ಯಾನೇಜರ್ ಅದೇ ತಾಯಿಯ ಕೆಲಸದ ಗಂಟೆಗಳನ್ನು ಕತ್ತರಿಸಬೇಕಾಯಿತು. ಒಟ್ಟು ವ್ಯಾಪಾರದಲ್ಲಿ ಕೂಲಿಯ ಪಾಲು ಇಷ್ಟೇ ಇರಬೇಕೆಂದು ಮೇಲಿನಿಂದ ಅಂಕಿ ಬಂದಿತ್ತು. ‘ನನ್ನ ಕೈಯಲ್ಲಿ ಇದ್ದದ್ದು ಎರಡು ದಿನ ರಜೆ ಕೊಡುವಷ್ಟು ಅಧಿಕಾರ ಮಾತ್ರ’ ಎಂದು ಅವರೇ ನನಗೆ ಹೇಳಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟಾದರೂ ಹನ್ನೊಂದು ವರ್ಷ ಏಕೆ ಉಳಿದಿರಿ ಎಂದು ಆ ತಾಯಿಯನ್ನು ಕೇಳಿದೆ. ‘ಕುದುರೆಗಾಗಿ’ ಎಂದರು. ಅಲ್ಲಿ ಕೆಲಸಕ್ಕೆ ಬರುವವರು ಬಹುತೇಕ ಕುದುರೆಯ ಹುಚ್ಚಿನಿಂದಲೇ ಬರುವರಂತೆ. ಸಿಬ್ಬಂದಿಗೆ ಸಾಮಾನಿನ ಮೇಲೆ ರಿಯಾಯಿತಿ ಉಂಟು. ಕೂಲಿಯ ದೊಡ್ಡ ಪಾಲು ಕಂಬಳಿಗೆ, ಲಗಾಮಿಗೆ ಎಂದು ಅದೇ ಅಂಗಡಿಯ ಗಲ್ಲಾಪೆಟ್ಟಿಗೆಗೆ ಮರಳುತ್ತಿತ್ತು. ಸಂಬಳ ಹೆಚ್ಚಿಸಿ ಎಂದರೆ ಬರುತ್ತಿದ್ದ ಉತ್ತರ ಎರಡೇ: ‘ನಾವೆಲ್ಲ ಒಂದೇ ಕುಟುಂಬ’, ‘ನಿಮಗೆ ಇಷ್ಟವಾದ ಕೆಲಸವೇ ಸಿಕ್ಕಿದೆಯಲ್ಲ’.

ಶರಣ ಬಂಧುಗಳೆ, ಈ ಎರಡನೆಯ ಉತ್ತರವನ್ನು ಸ್ವಲ್ಪ ಗಮನಿಸಿ. ಕೆಲಸದ ಮೇಲಿನ ಪ್ರೀತಿ ದುಡಿಯುವವನ ಸ್ವತ್ತು. ಗಿರಾಕಿಗೆ ಸತ್ಯ ಹೇಳಿಸುವುದು, ಸರಿಯಾದ ಜೀನು ಹುಡುಕಿಸುವುದು ಆ ಪ್ರೀತಿಯೇ. ಅಂಗಡಿಗೆ ಹೆಸರು ಬಂದದ್ದೂ ಅದರಿಂದಲೇ. ಅದನ್ನೇ ತೋರಿಸಿ ಕೂಲಿ ಕಡಿಮೆ ಮಾಡಿದರೆ, ಪ್ರೀತಿ ಇದ್ದವನಿಗೆ ದಂಡ ಹಾಕಿದಂತಾಯಿತು. ಪ್ರೀತಿ ಇಲ್ಲದವನು ಬೇರೆ ಕಡೆ ಹೋಗುತ್ತಾನೆ. ಇದ್ದವನು ಸಹಿಸಿಕೊಂಡು ಉಳಿಯುತ್ತಾನೆ, ಒಂದು ದಿನ ಅವನೂ ಬತ್ತಿಹೋಗುತ್ತಾನೆ. ಆ ತಾಯಿ ಬಿಟ್ಟ ಮೇಲೆ ಆ ಅಂಗಡಿಯಲ್ಲಿ ಕುದುರೆಯ ಬೆನ್ನು ಅಳೆಯುವವರೇ ಇರಲಿಲ್ಲವಂತೆ.

ಅವರ ಮನೆಯ ಗೋದಾಮಿನಲ್ಲಿ ಒಂದು ಹಳೆಯ ಜೀನು ತಿರುಗಿಸಿ ತೋರಿಸಿದರು. ಒಳಗೆ ಭಾರತದಲ್ಲಿ ತಯಾರಾದದ್ದು ಎಂಬ ಅಚ್ಚು. ಕಾನ್ಪುರ ಜೀನು ಮಾಡುವ ಹಳೆಯ ಊರು. ಅಲ್ಲಿಯ ಜೀನಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಲಾಭದ ಒತ್ತಡ ಮಾರುವವಳ ಹತ್ತಿರ ಮುಗಿಯುವುದಿಲ್ಲ. ಹೊಲಿಯುವವನ ತನಕ ಇಳಿಯುತ್ತದೆ. ಚರ್ಮದ ಕೆಲಸ ಎಂದಾಗ ಹರಳಯ್ಯ ಶರಣರನ್ನು ನೆನೆಯದ ಲಿಂಗಾಯತನಿಲ್ಲ. ನೆನೆದು ಕೈಮುಗಿಯುತ್ತೇವೆ, ಇವತ್ತು ಚರ್ಮ ಹೊಲಿಯುವವನಿಗೆ ದಿನಗೂಲಿ ಎಷ್ಟು ಎಂದು ಕೇಳುತ್ತೇವೆಯೆ?

ಕೆಂಟಕಿಯಿಂದ ಇಲ್ಲಿಗೆ ಬರೋಣ. ಹಬ್ಬಕ್ಕೆ ಸೀರೆ ಕೊಳ್ಳಲು ಹೋದಾಗ ನಾವು ಗಾದಿಯ ಮೇಲೆ, ಸ್ಟೂಲಿನ ಮೇಲೆ ಕೂರುತ್ತೇವೆ. ಸೀರೆ ತೋರಿಸುವ ಹುಡುಗಿ ಬೆಳಿಗ್ಗೆಯಿಂದ ನಿಂತೇ ಇರುತ್ತಾಳೆ. ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಆ ರಾಜ್ಯ ಕಾಯ್ದೆ ತಿದ್ದಿ ಅಂಗಡಿಗಳಲ್ಲಿ ಆಸನ ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಯ ಮಿತಿ ಹಾಕಿತು, ವಾರಕ್ಕೊಂದು ರಜೆ ಕೊಟ್ಟಿತು. ಈ ಸಭೆಯಲ್ಲಿ ಅಂಗಡಿ ಇಟ್ಟವರು ಅನೇಕರಿದ್ದೀರಿ. ನಿಮ್ಮ ಅಂಗಡಿಯಲ್ಲಿ ದುಡಿಯುವವರಿಗೊಂದು ಸ್ಟೂಲು ಇದೆಯೆ ಎಂದು ನಾಳೆ ಬೆಳಿಗ್ಗೆ ನೋಡಿ.

ನಮ್ಮ ಸಮಾಜ ಶಾಲೆ, ಕಾಲೇಜು, ಆಸ್ಪತ್ರೆ, ಪ್ರಸಾದ ನಿಲಯ ಕಟ್ಟಿದೆ. ಅದು ನಮ್ಮ ಹೆಮ್ಮೆ. ಅಂಥ ಕಡೆ ದುಡಿಯುವ ಶಿಕ್ಷಕಿ, ದಾದಿ, ಅಡುಗೆಯವರು ಸಂಬಳದ ಮಾತೆತ್ತಿದಾಗ, ‘ಇದು ಸೇವೆ ಅಲ್ಲವೆ, ಕಾಯಕ ಅಲ್ಲವೆ’ ಎಂಬ ಮಾತು ಕೇಳಿಬರುವುದುಂಟು. ಕೆಂಟಕಿಯ ಅಂಗಡಿಯವರು ಕುದುರೆಯ ಹೆಸರು ಹೇಳಿದರು. ನಾವು ಕಾಯಕದ ಹೆಸರು ಹೇಳುತ್ತೇವೆ. ಕುದುರೆಗಿಂತ ಕಾಯಕದ ಹೆಸರು ದೊಡ್ಡದು. ಆದ್ದರಿಂದ ನಮ್ಮ ಜವಾಬ್ದಾರಿಯೂ ದೊಡ್ಡದು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಿಮಗೆಲ್ಲ ಗೊತ್ತು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬನ್ನಿ ಎಂದ ತಾಯಿ ಅವಳು. ಈ ಕಥೆಯನ್ನು ನಾವು ಯಾವಾಗಲೂ ದುಡಿಯುವವನಿಗೆ ಹೇಳುತ್ತೇವೆ: ಹೆಚ್ಚು ಆಸೆಪಡಬೇಡ. ದುಡಿಸುವವನಿಗೂ ಹೇಳಬೇಕು. ಇನ್ನೊಬ್ಬರ ದುಡಿಮೆಯಿಂದ ನ್ಯಾಯವಾದ ಪಾಲಿಗಿಂತ ಹೆಚ್ಚು ಮನೆಗೆ ಬಂದರೆ ಅದೂ ಹೆಚ್ಚಿನ ಅಕ್ಕಿಯೇ. ಅದನ್ನೂ ಹಿಂದಕ್ಕೆ ಸುರಿಯಬೇಕು.

ದಾಸೋಹದ ಮಾತು ಬಂದರೂ ಹಾಗೆಯೇ. ಕೈಗೆ ಬಂದದ್ದನ್ನು ಮನಸ್ಸು ತುಂಬಿ ಕೊಟ್ಟರೆ ದಾಸೋಹ. ಕೈಗೆ ಬರುವ ಮೊದಲೇ ಹಿಡಿದುಕೊಂಡರೆ ಅದು ಕಡಿತ. ಪೂರ್ತಿ ಸಂಬಳ ಕೊಡಿ. ಆಮೇಲೆ ಆ ಶಿಕ್ಷಕಿ ತಾನಾಗಿ ಪ್ರಸಾದ ನಿಲಯಕ್ಕೆ ನೂರು ರೂಪಾಯಿ ಕೊಟ್ಟರೆ ಆ ನೂರಕ್ಕೆ ಬೆಲೆಯಿದೆ.

ಸಂಸ್ಥೆಗೆ ಆದಾಯ ಕಡಿಮೆ, ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಸೇತುವೆ ಕಟ್ಟುವಾಗ ಹಣ ಸಾಲದಿದ್ದರೆ ನಾವು ಕಂಬದ ಕಬ್ಬಿಣ ಕಡಿಮೆ ಮಾಡುತ್ತಿರಲಿಲ್ಲ; ಅಲಂಕಾರ ಬಿಡುತ್ತಿದ್ದೆವು, ಮುಂದಿನ ಹಂತ ಮುಂದೂಡುತ್ತಿದ್ದೆವು. ಹೊಸ ಕಮಾನು, ಹೊಸ ಸಭಾಭವನ ಒಂದು ವರ್ಷ ತಡವಾದರೆ ಯಾರ ಬೆನ್ನೂ ಹುಣ್ಣಾಗುವುದಿಲ್ಲ.

ಆದ್ದರಿಂದ ಆಡಳಿತ ಮಂಡಳಿಗಳಲ್ಲಿರುವ ಶರಣರಲ್ಲಿ ನಾಲ್ಕು ಬಿನ್ನಹ. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕದ ಪತ್ರ ಕೊಡಿ; ಕೆಲಸದ ಹೊತ್ತು ಅದರಲ್ಲಿ ಬರೆದಿರಲಿ. ಸಹಿ ಹಾಕಿಸಿಕೊಂಡ ಮೊತ್ತವೂ ಕೈಗೆ ಕೊಟ್ಟ ಮೊತ್ತವೂ ಒಂದೇ ಆಗಿರಲಿ. ಭವಿಷ್ಯ ನಿಧಿಯ ಹಣ ತಿಂಗಳು ತಿಂಗಳು ತುಂಬಿ. ನಾಲ್ಕನೆಯದು, ವರ್ಷಕ್ಕೆರಡು ಸಲ ಕೆಲಸಗಾರರನ್ನು ಕೂರಿಸಿಕೊಂಡು, ಅವರ ಮಾತನ್ನು ಅಡ್ಡ ಬಾಯಿ ಹಾಕದೆ ಕೇಳಿ. ಅನುಭವ ಮಂಟಪದಲ್ಲಿ ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವರು ಮಾತಾಡಿದರು, ಉಳಿದವರು ಕೇಳಿದರು. ಆ ಪರಂಪರೆಯವರು ನಾವು ಎಂದು ಹೇಳಿಕೊಳ್ಳುವುದಾದರೆ, ನಮ್ಮ ಶಾಲೆಯ ಅಡುಗೆಯ ಅಕ್ಕನಿಗೆ ಮಂಡಳಿಯ ಸಭೆಯಲ್ಲಿ ಒಂದು ಕುರ್ಚಿ ಇರಲಿ.

 ಮುಂದಿನ ಆರ್ಥಿಕ ವರ್ಷದ ಆಯವ್ಯಯ ಬರೆಯುವಾಗ ಸಂಬಳದ ಸಾಲನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ.