ನದಿ ಸುತ್ತಿಕೊಂಡು ಹೋಗುವುದೇಕೆ?



2024ರ ಆಗಸ್ಟ್ ಕೊನೆಯ ವಾರವನ್ನು ವಡೋದರಾದ ನಾವು ಯಾರೂ ಮರೆತಿಲ್ಲ. ವಿಶ್ವಾಮಿತ್ರಿ ನದಿಯ ಅಪಾಯದ ಮಟ್ಟ 25 ಅಡಿ. ಆಗ ನೀರು 35 ಅಡಿಯನ್ನೂ ದಾಟಿತ್ತು. ನೀರು ಇಳಿದ ಮೇಲೆ ಮಂಜಲ್‌ಪುರದ ನಮ್ಮ ಸೊಸೈಟಿಯಲ್ಲಿ ಒಬ್ಬರು ಹಿರಿಯರು ಕೇಳಿದರು: “ಈ ನದಿ ಇಷ್ಟೊಂದು ಸುತ್ತುವುದೇಕಮ್ಮಾ? ನೇರ ಮಾಡಿಬಿಟ್ಟರೆ ಆಗದೇ?” ಎಂಟೆಕ್‌ನಲ್ಲಿ ನಾನು ಓದಿದ್ದು ಇದೇ ವಿಷಯ. ಆದರೂ ತಕ್ಷಣ ಉತ್ತರ ಹೇಳಲಾಗಲಿಲ್ಲ. ಇವತ್ತು ಹೇಳುತ್ತೇನೆ.

ತಿರುವಿನಲ್ಲಿ ನೀರು ಹೊರದಡದ ಕಡೆ ಜೋರಾಗಿ ಹರಿದು ಮಣ್ಣು ಕೊರೆಯುತ್ತದೆ. ಒಳದಡದಲ್ಲಿ ವೇಗ ಕಡಿಮೆಯಾಗಿ ಮರಳು ನಿಲ್ಲುತ್ತದೆ. ಹೀಗೆ ತಿರುವು ಬೆಳೆಯುತ್ತಾ ಜಾಗ ಬದಲಿಸುತ್ತದೆ. ಇಕೆಡಾ, ಪಾರ್ಕರ್ ಮತ್ತು ಸವಾಯ್ 1981ರಲ್ಲಿ ಇದನ್ನು ಸಮೀಕರಣವಾಗಿ ಬರೆದರು.

ಕಂಪ್ಯೂಟರಿನಲ್ಲಿ ನದಿಯೆಂದರೆ ರಂಗೋಲಿಯ ಚುಕ್ಕಿಗಳ ಸಾಲು. ವರ್ಷ ವರ್ಷಕ್ಕೆ ಪ್ರತಿ ಚುಕ್ಕಿಯನ್ನೂ ಸ್ವಲ್ಪ ಸರಿಸುತ್ತೇವೆ. ಎಷ್ಟು ಸರಿಸಬೇಕೆಂಬ ಲೆಕ್ಕದಲ್ಲಿ ಆ ಜಾಗದ ತಿರುವು ಮಾತ್ರವಲ್ಲ, ಅದಕ್ಕಿಂತ ಮೇಲಿನ ತಿರುವುಗಳೂ ಸೇರುತ್ತವೆ. ಸುತ್ತಿ ಬಂದ ಎರಡು ದಡಗಳು ತೀರಾ ಹತ್ತಿರವಾದರೆ ನಡುವಿನ ಚುಕ್ಕಿಗಳನ್ನು ಅಳಿಸಿ ನೇರ ಜೋಡಿಸುತ್ತೇವೆ. ನಿಜವಾದ ನದಿಯೂ ಹಾಗೆಯೇ ಅಡ್ಡದಾರಿ ಹಿಡಿಯುತ್ತದೆ. ಬಿಟ್ಟುಹೋದ ತಿರುವು ಕುದುರೆ ಲಾಳದ ಆಕಾರದ ಕೆರೆಯಾಗುತ್ತದೆ.

ಅಮೆರಿಕದ ವಿಕ್ಸ್‌ಬರ್ಗ್ ಊರಿನೆದುರು ಮಿಸಿಸಿಪ್ಪಿ ನದಿಯ ಒಂದು ತಿರುವನ್ನು ಕಡಿಯಲು ಜನರಲ್ ಗ್ರಾಂಟ್‌ನ ಸೈನ್ಯ 1863ರಲ್ಲಿ ಕಾಲುವೆ ತೋಡಿ ಸೋತಿತ್ತು. 1876ರಲ್ಲಿ ನದಿ ತಾನೇ ಅದನ್ನು ಕಡಿದುಕೊಂಡು ಊರಿನಿಂದ ದೂರ ಸರಿಯಿತು. ಬೇರೆ ನದಿಯನ್ನು ತಿರುಗಿಸಿ ಬಂದರಿಗೆ ಮತ್ತೆ ನೀರು ತರುವ ಹೊತ್ತಿಗೆ 1903 ಆಗಿತ್ತು.

ಹಾಗಾದರೆ ನಾವೇ ನೇರ ಮಾಡಿದರೆ? 3 ಕಿಲೋಮೀಟರ್ ಸುತ್ತು ಅರ್ಧ ಕಿಲೋಮೀಟರ್ ಆಯಿತೆನ್ನಿ. ಇಳಿಜಾರು 6 ಪಟ್ಟು ಕಡಿದಾಗುತ್ತದೆ. ನಮ್ಮ ಹತ್ತಿರದ ನೀರು ಬೇಗ ಹೋಗಬಹುದು, ಆದರೆ ಅದೇ ನೀರು ಕೆಳಗಿನವರ ಮನೆಗೆ ರಭಸದಿಂದ ನುಗ್ಗುತ್ತದೆ. ಕೆಳಗಿನ ದಡಗಳೂ ಕುಸಿಯತೊಡಗುತ್ತವೆ.

ನಮ್ಮ ಪ್ರವಾಹಕ್ಕೆ ತಿರುವೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಮಳೆ ಅಷ್ಟು ಸುರಿದಿತ್ತು. ಆದರೆ ತಿರುವು, ತಗ್ಗು, ಕೋತರಗಳೇ ಹೆಚ್ಚಾದ ನೀರು ನಿಲ್ಲುವ ಜಾಗ. ಅವುಗಳಿಗೆ ಮಣ್ಣು ತುಂಬಿಸಿ ಮನೆ ಕಟ್ಟಿದರೆ ನೀರು ನಮ್ಮ ನಡುಮನೆಯಲ್ಲಿ ನಿಲ್ಲುತ್ತದೆ. ಮನೆ ಕೊಳ್ಳುವ ಮುಂಚೆ ವಾಸ್ತು ಕೇಳುತ್ತೇವಲ್ಲ, ಜೊತೆಗೆ ಆ ಜಾಗದ ಹಳೆಯ ನಕ್ಷೆಯನ್ನೂ ಒಮ್ಮೆ ನೋಡೋಣ.