ಯಂತ್ರಮಾನವನ ನಡು



ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು ಸುಲ್ತಾನನ ಬಳಿ ಮರದ ಹುಲಿಯೊಂದಿದ್ದಿತೆಂಬುದು ತಮಗೆಲ್ಲ ವಿದಿತವೇ. 1799ರಲ್ಲಿ ಶ್ರೀರಂಗಪಟ್ಟಣದಿಂದ ಆಂಗ್ಲರ ಕೈಸೇರಿದ ಆ ಬೊಂಬೆಯು ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಊದಿ ಹುಲಿಯು ಗರ್ಜಿಸುವುದು. ಕೆಳಗೆ ಬಿದ್ದವನ ಕೈ ಮೇಲೇಳುವುದು. ಆದರೆ ಇಬ್ಬರ ನಡುವೂ ಮಿಸುಕದು. ನಡುವನ್ನು ತಿರುಗಿಸುವುದು ಅಷ್ಟು ಸುಲಭದ ಕಾರ್ಯವಲ್ಲ.

ಇದನ್ನು ನಾವು ಅನುಭವದಿಂದಲೇ ಅರಿತೆವು. ದೊಡ್ಡಬಳ್ಳಾಪುರದ ನೇಕಾರ ಮನೆತನದ ವಿದ್ಯಾರ್ಥಿಯೊಬ್ಬನು, ರಜೆಯಲ್ಲಿ ಮಗ್ಗದ ಕೆಲಸ ಮಾಡಿ ಗಳಿಸಿದ ಕೂಲಿಯಿಂದ ಒಂದು ಮೋಟಾರನ್ನು ಕೊಂಡು, ಮನೆಯಲ್ಲಿಯೇ ಯಂತ್ರಮಾನವನನ್ನು ಕಟ್ಟತೊಡಗಿದನು. ಮುಂಡದ ಭಾರವನ್ನೆಲ್ಲ ಮೋಟಾರಿನ ಕಂಬಿಯ ಮೇಲೆಯೇ ನಿಲ್ಲಿಸಬಹುದೆಂದು ಲೆಕ್ಕ ಹಾಕಿಕೊಟ್ಟವರು ನಾವು. ಬೊಂಬೆಯು ಕೈಚಾಚಿ ತಿರುಗಿದೊಡನೆ ಒಳಗಿನ ಹಲ್ಲುಚಕ್ರಗಳು ಮುರಿದುಹೋದುವು. ಹುಡುಗನು ಒಂದು ಮಾತನ್ನೂ ಆಡಲಿಲ್ಲ. ಅವನ ಮೌನವು ನಮ್ಮನ್ನು ಹೆಚ್ಚು ನೋಯಿಸಿತು.

ಆಗ ಅವನ ಅಜ್ಜಿಯು, “ಮೇಷ್ಟ್ರೇ, ಭಾರ ಹೊರೋನೇ ತಿರುಗಿಸಲೂ ಬೇಕೇನಪ್ಪ?” ಎಂದು ಮೂಲೆಯಲ್ಲಿದ್ದ ರಾಗಿ ಬೀಸುವ ಕಲ್ಲನ್ನು ತೋರಿಸಿದರು. ಮೇಲುಕಲ್ಲಿನ ಭಾರವನ್ನು ಹೊರುವುದು ಕೆಳಗಲ್ಲು. ನಡುವಣ ಗೂಟವು ಅದನ್ನು ಅತ್ತಿತ್ತ ಸರಿಯದಂತೆ ಹಿಡಿದಿರುವುದಷ್ಟೆ. ಬೀಸುವ ಕೈಗೆ ತಿರುಗಿಸುವ ಕೆಲಸವೊಂದೇ. ಪದವಿಯನ್ನು ಪಡೆದ ನಮಗೆ ಇದು ಹೊಳೆದಿರಲಿಲ್ಲ!

ಲೆಕ್ಕವು ಸರಳವಾದುದು. ಚಾಚಿದ ಕೈಯ ತುದಿಯಲ್ಲಿ, ನಡುವಿನಿಂದ 60 ಸೆಂಟಿಮೀಟರ್ ದೂರದಲ್ಲಿ, ಅರ್ಧ ಕಿಲೋಗ್ರಾಂ ತೂಕವಿರಲಿ. ಕಂಬಿಯ ಎರಡು ಆಧಾರಗಳು 2 ಸೆಂಟಿಮೀಟರ್ ಅಂತರದಲ್ಲಿದ್ದರೆ ಒಂದೊಂದರ ಮೇಲೂ 15 ಕಿಲೋಗ್ರಾಂ ಒತ್ತಡ ಬೀಳುವುದು. ಅದೇ ಭಾರವನ್ನು 30 ಸೆಂಟಿಮೀಟರ್ ಅಗಲದ ಗುಂಡುಬೇರಿಂಗಿನ ಬಳೆಯು ಹೊತ್ತರೆ, ಎದುರುಬದುರಿನ ಅಂಚುಗಳಿಗೆ ಬೀಳುವ ಹೆಚ್ಚಿನ ಒತ್ತಡವು ಒಂದೊಂದೇ ಕಿಲೋಗ್ರಾಂ. ಮೋಟಾರು ಪಕ್ಕದಲ್ಲಿ ನಿಂತು, ಪಟ್ಟಿಯ ಮೂಲಕ ತಿರುಗಿಸಿದರೆ ಸಾಕು.

ಇನ್ನೆರಡು ಎಚ್ಚರಿಕೆಗಳುಂಟು. ತಂತಿಗಳನ್ನು ಬಳೆಯ ನಟ್ಟನಡುವಿನ ರಂಧ್ರದಿಂದ ಸಡಿಲವಾಗಿ ಮೇಲಕ್ಕೆ ಒಯ್ಯಬೇಕು. ಇಲ್ಲವಾದರೆ ಅವು ಹುರಿಗೊಂಡು ಹರಿಯುವುವು. ಎರಡು ಕಡೆಗೂ ಒಂದೊಂದು ತಡೆಯನ್ನಿರಿಸಿ, ಮೆಲ್ಲನೆ ಹೊರಟು ಮೆಲ್ಲನೆ ನಿಲ್ಲುವಂತೆ ಮಾಡಬೇಕು. ಸೃಷ್ಟಿಯಲ್ಲಿಯೂ ಹಾಗೆಯೇ: ನಾವು ಹೊರಳಿ ನೋಡುವಾಗ ಸೊಂಟದ ಬೆನ್ನೆಲುಬು ತಿರುಗುವುದು ಅತ್ಯಲ್ಪ. ಭಾರವನ್ನು ಹೊರುವುದು ಅದರ ಧರ್ಮ. ತಿರುಗುವ ಕೆಲಸದ ಬಹುಭಾಗ ಎದೆಯ ಭಾಗದ ಬೆನ್ನೆಲುಬಿಗೂ ತೊಡೆಯ ಕೀಲುಗಳಿಗೂ ಸೇರಿದುದು.

ಹೊಸ ಮೋಟಾರಿನ ಬೆಲೆಯನ್ನು ನಾವೇ ತೆತ್ತೆವು. ಅದು ನಮ್ಮ ಋಣವಾಗಿದ್ದಿತು. ಬೊಂಬೆಯು ಮೊದಲ ಬಾರಿಗೆ ನಡುವನ್ನು ಹೊರಳಿಸಿದಾಗ ಅದು ಮುಖಮಾಡಿದ್ದು ಬೀಸುವ ಕಲ್ಲಿನ ಕಡೆಗೆ. ಹುಡುಗನು ನಕ್ಕನು. ಅಜ್ಜಿಯು ಮಾತ್ರ, “ರಾಗಿ ಬೀಸುತ್ತದೆಯೋ?” ಎಂದು ಕೇಳಿದರು.